ಹ್ಯಾಂಡ್‌ಪೋಸ್ಟ್‌ನಲ್ಲಿ ತೆರೆಯದ ಪುಟ
ಕಬಿನಿ ಹಿನ್ನೀರು ನೋಡಲು ಹೊರಟ ಕುಟುಂಬ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್‌ನಲ್ಲಿ ಟೀಗೆ ನಿಲ್ಲುತ್ತದೆ. ಫೋನಿನಲ್ಲಿ ಹೋಂಸ್ಟೇ ಹುಡುಕಾಟ ಶುರು. ಒಂದು ಸೈಟು ಒತ್ತಿದರೆ ಬಿಳಿ ಪರದೆ, ಬಳಿಕ ಆನೆಯ ನೆತ್ತಿ ಮಾತ್ರ. ಉಳಿದ ಆನೆ ಇಳಿಯುವಷ್ಟರಲ್ಲಿ ಬೆರಳು ಮುಂದಿನ ಸೈಟಿಗೆ ಹೋಗಿರುತ್ತದೆ. ತಪ್ಪು ಯಾವಾಗಲೂ ಸಿಗ್ನಲ್ಲಿನದಲ್ಲ. ನೂರಾರು ಸೈಟುಗಳನ್ನು ಒಂದೇ ಯಂತ್ರಕ್ಕೆ ತುಂಬುವ ಅಗ್ಗದ ಹೋಸ್ಟಿಂಗ್‌ನಲ್ಲಿ ಪಕ್ಕದ ಸೈಟಿಗೆ ಜನ ನುಗ್ಗಿದರೂ ಈ ಸೈಟು ಏದುಸಿರು ಬಿಡುತ್ತದೆ. ಸರ್ವರ್ ಅಮೆರಿಕದಲ್ಲಿದ್ದರಂತೂ ಪ್ರತಿ ಕೋರಿಕೆಯೂ ಸಮುದ್ರ ದಾಟಿ ಬರಬೇಕು. ಈ ನಿಧಾನಕ್ಕೆ ಹುಡುಕಾಟದಲ್ಲೂ ಬೆಲೆ ತೆರಬೇಕು: ಗೂಗಲ್ 2010ರಲ್ಲೇ ವೇಗವನ್ನು ರ‍್ಯಾಂಕಿಂಗ್ ಲೆಕ್ಕಕ್ಕೆ ತಂದಿತು, 2018ರಲ್ಲಿ ಮೊಬೈಲ್ ಹುಡುಕಾಟಕ್ಕೂ ವಿಸ್ತರಿಸಿತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಅದರ ಅಳತೆ. ಹಾಗೆಂದು ವೇಗವೇ ಎಲ್ಲವೂ ಅಲ್ಲ: ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಬಗ್ಗೆ ಸರಿಯಾದ ವಿವರ ಕೊಡುವ ನಿಧಾನದ ಪುಟ, ಏನೂ ಹೇಳದ ಚುರುಕಿನ ಪುಟಕ್ಕಿಂತ ಮೇಲೆ ನಿಲ್ಲಬಲ್ಲದು. ನಿಜವಾದ ಪೆಟ್ಟು ಬೀಳುವುದು ಸರ್ವರ್ ಪದೇ ಪದೇ ಮಲಗಿದಾಗ. ಗೂಗಲ್‌ನ ಪುಟಗಳನ್ನು ಓದುವ ಬಾಟ್ ಬಂದಾಗೆಲ್ಲ 500ರ ಸಾಲಿನ ಸರ್ವರ್ ದೋಷವೇ ಎದುರಾದರೆ ಅದು ಬರುವುದನ್ನೇ ಕಡಿಮೆ ಮಾಡುತ್ತದೆ. ದಿನಗಟ್ಟಲೆ ಹಾಗೇ ಮುಂದುವರಿದರೆ ಪುಟಗಳು ಹುಡುಕಾಟದ ಪಟ್ಟಿಯಿಂದಲೇ ಬಿದ್ದುಹೋಗುತ್ತವೆ. ಚುಂಚನಕಟ್ಟೆ ಜಾತ್ರೆಗೆ ಜನ ಸೇರುವ ವಾರ ಕೆ.ಆರ್. ನಗರದ ಲಾಡ್ಜೊಂದರ ಸೈಟು ಹೀಗೆ ಮಲಗಿದರೆ ಎಷ್ಟು ಗಿರಾಕಿ ಕೈತಪ್ಪಿತೆಂಬ ಲೆಕ್ಕವೂ ಮಾಲೀಕರಿಗೆ ಸಿಗದು. ಮುಂಬೈಯಲ್ಲಿ ಸರ್ವರ್ ಇರುವ ಹೋಸ್ಟಿಂಗ್‌ಗೆ ಬದಲಾಯಿಸಿ, 4 ಎಂಬಿಯ ಆನೆ ಫೋಟೊವನ್ನು 200 ಕೆಬಿಗೆ ಇಳಿಸಿದರೆ ಹ್ಯಾಂಡ್‌ಪೋಸ್ಟ್‌ನ ಆ ಫೋನಿನಲ್ಲೂ ಪೂರ್ತಿ ಆನೆ ಕಾಣುತ್ತದೆ, ಕೆಳಗೆ ಬುಕಿಂಗ್ ನಂಬರೂ.