ದ್ವಾರಕೆಯ ರೀಲ್ಸ್‌ನಲ್ಲಿ ಕಾಣದ ರಾವ್ (ಭಾಗ 4)

ನೀರೊಳಗೆ ಚಿನ್ನದ ಗೋಪುರಗಳು, ಹಿಂದೆ ಕೊಳಲು. "ಮುಳುಗಿದ ದ್ವಾರಕೆ ಸಿಕ್ಕೇಬಿಡ್ತು!" ಈ ರೀಲ್ ನಿಮಗೂ ಬಂದಿರುತ್ತೆ. ನಮ್ಮ ಕ್ಲಾಸ್ ಗ್ರೂಪಿಗೆ ಈ ವಾರ ಎರಡು ಸಲ ಬಂತು.

ಅದರಲ್ಲಿ ಇರಲೇಬೇಕಿದ್ದ ಹೆಸರೊಂದು ಇಲ್ಲ: ಎಸ್. ಆರ್. ರಾವ್. ಪೂರ್ತಿ ಹೆಸರು ಶಿಕಾರಿಪುರ ರಂಗನಾಥ ರಾವ್. ಹೌದು, ನಮ್ಮ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರವೇ!

1954ರಲ್ಲಿ ಗುಜರಾತಿನ ಲೋಥಲ್ ಪತ್ತೆ ಹಚ್ಚಿ, ಆಮೇಲೆ ಅಲ್ಲಿ ಉತ್ಖನನ ನಡೆಸಿದ್ದು ಇವರೇ. ಅಲ್ಲಿ ಸಿಕ್ಕಿದ 200 ಮೀಟರಿಗೂ ಉದ್ದದ ಇಟ್ಟಿಗೆ ಕಟ್ಟಡವನ್ನು ಹಡಗುಕಟ್ಟೆ ಅಂದರು. ಅಲ್ಲ, ಬರೀ ನೀರಿನ ಕೆರೆ ಅಂದವರೂ ಇದ್ದರು.

ಪುರಾತತ್ವ ಇಲಾಖೆಯಿಂದ ನಿವೃತ್ತಿಯಾದ ಮೇಲೆ ಆರಾಮಾಗಿ ಮನೆಯಲ್ಲಿರಬಹುದಿತ್ತು. ಅವರು ಹೋಗಿದ್ದು ಸಮುದ್ರಕ್ಕೆ. 1981ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ವ ಶುರು ಮಾಡಿದರು. ನಮ್ಮ ದೇಶಕ್ಕೆ ಆ ಕೆಲಸವೇ ಹೊಸದು.

ದ್ವಾರಕೆಯ ಕಡಲಲ್ಲಿ ಅವರ ತಂಡಕ್ಕೆ ಸಿಕ್ಕಿದ್ದು ಚಿನ್ನ ಅಲ್ಲ. ಕಲ್ಲಿನ ಕಟ್ಟಡಗಳ ಅವಶೇಷ, ತೂತು ಕೊರೆದ ಕಲ್ಲಿನ ಲಂಗರುಗಳು. ಪಕ್ಕದ ಬೇಟ್ ದ್ವಾರಕೆಯಲ್ಲಿ ಮಡಕೆ ಚೂರುಗಳು, ಮೂರು ತಲೆಯ ಪ್ರಾಣಿ ಕೆತ್ತಿದ ಪುಟ್ಟ ಶಂಖದ ಮುದ್ರೆ. ಕಡಲ ತಳದಲ್ಲಿ ಮರಳು ಸರೀತಾ ಇರುತ್ತೆ, ಅಲೆಗೆ ಕಲ್ಲೂ ಜಾಗ ಬಿಡುತ್ತೆ. ಹಾಗಾಗಿ ಏನು ಸಿಕ್ತು ಅನ್ನೋದಕ್ಕಿಂತ ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕ ಸಿಕ್ತು ಅಂತ ಬರೆದಿಡೋದೇ ಅಸಲಿ ಕೆಲಸ.

ಇದು ಮಹಾಭಾರತದ ದ್ವಾರಕೆಯೇ ಅಂತ ರಾವ್ ನಂಬಿದ್ದರು. ಆದರೆ ಅದೇ ಸಂಸ್ಥೆಯ ಮುಂದಿನ ಸಂಶೋಧಕರು, ಆ ಕಟ್ಟಡ, ಲಂಗರುಗಳಲ್ಲಿ ಬಹಳಷ್ಟು ತೀರಾ ಈಚಿನವು ಅಂದರು. ರಾವ್ ಪುರಾವೆಗಿಂತ ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟರು ಅಂತ ನನಗೂ ಅನಿಸುತ್ತೆ.

ಹಾಗಂತ ಅವರು ಸಣ್ಣವರಾಗಲಿಲ್ಲ. ಸಿಕ್ಕಿದ್ದನ್ನು ದಾಖಲಿಸಿ ಪ್ರಕಟಿಸಿದ್ದರಿಂದಲೇ ಬೇರೆಯವರು ಮತ್ತೆ ಮುಳುಗಿ, ನೋಡಿ, "ಇಲ್ಲ ಸರ್" ಅನ್ನೋಕೆ ಆಯ್ತು. ರೀಲ್‌ಗೆ ಹಾಗೆ ಹೇಳೋಕಾಗುತ್ತಾ? ಅದು ಹೇಳೋ ಜಾಗವೇ ಭೂಮಿ ಮೇಲಿಲ್ಲ!

ಭಕ್ತಿ ಇರಲಿ, ಅದನ್ನ ಯಾರೂ ಕಿತ್ಕೊಳ್ತಿಲ್ಲ. ಆದರೆ ಕಂಪ್ಯೂಟರ್ ಬಿಡಿಸಿದ ಗೋಪುರಕ್ಕೆ ಲೈಕ್ ಒತ್ತಿ, ಇಳಿವಯಸ್ಸಲ್ಲಿ ಸಮುದ್ರಕ್ಕೆ ಕೈಹಾಕಿದ ಮನುಷ್ಯನನ್ನ ಮರೆತರೆ ಅದು ಅನ್ಯಾಯ ಕಣ್ರೋ.

ರಾವ್ 2013ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮುಂದಿನ ಸಲ ಆ ರೀಲ್ ಬಂದಾಗ ಫಾರ್ವರ್ಡ್ ಮಾಡೋ ಮೊದಲು ಒಂದೇ ಪ್ರಶ್ನೆ ಕೇಳಿ: ಇದನ್ನ ಯಾರು, ಎಲ್ಲಿ ಮುಳುಗಿ ನೋಡಿದ್ರು?

ಇವರ ಹೆಸರು ಮೊದಲೇ ಕೇಳಿದ್ರಾ? ಕಾಮೆಂಟಲ್ಲಿ ನಿಜ ಹೇಳಿ 👇

#ಎಸ್ಆರ್‌ರಾವ್ #ಸಾಗರಪುರಾತತ್ವ #ದ್ವಾರಕೆ