ಹೆದರಿಕೆ ಹೇಳಿಕೊಳ್ಳಲು ಒಂದು ಜಾಗ ಬೇಕು

ಕೊಪ್ಪಳದ ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರ ಸನ್ನಿಧಿಗೆ,

ಮಾನ್ಯರೇ,

ಊರ ಜಗಳ ಕೋರ್ಟು ಹತ್ತಿದರೆ ತಾರೀಖಿನ ದಿನ ಎರಡೂ ಕಡೆಯವರು ಬರುವುದು ಬಹಳ ಸಲ ಒಂದೇ ಬಸ್ಸಿನಲ್ಲಿ. ಇಳಿದು ಕೂರುವುದೂ ಒಂದೇ ಮರದ ನೆರಳಿನಲ್ಲಿ. ಸಾಕ್ಷಿ ಹೇಳಬೇಕಾದ ಹೆಣ್ಣುಮಗಳು ಬುತ್ತಿಗಂಟು ಬಿಚ್ಚದೆ, ನೀರಿಗೂ ಏಳದೆ, ತನ್ನ ಹೆಸರು ಕೂಗುವುದನ್ನೇ ಕಾಯುತ್ತಾಳೆ. ಎದುರಿಗೆ ಕೂತವರು ಬೈಯುವುದಿಲ್ಲ, ಕೈ ಎತ್ತುವುದಿಲ್ಲ, ಸುಮ್ಮನೆ ದಿಟ್ಟಿಸುತ್ತಾರೆ. ಆ ನೋಟದ ಬಗ್ಗೆ ಆಕೆ ಯಾರಿಗೆ ದೂರಬೇಕು?

ಕೋರ್ಟಿನ ಆವರಣವೂ ಅಪಾಯಕ್ಕೆ ಹೊರತಲ್ಲ. 2008ರ ಮೇ 10ರಂದು ಹುಬ್ಬಳ್ಳಿ ಕೋರ್ಟಿನಲ್ಲಿ, 2016ರ ಆಗಸ್ಟ್ 1ರಂದು ಮೈಸೂರು ಕೋರ್ಟಿನ ಶೌಚಾಲಯದಲ್ಲಿ ಬಾಂಬ್ ಸಿಡಿದಿತ್ತು. ಬಾಂಬು ಹುಡುಕಲು ಯಂತ್ರಗಳಿವೆ, ನಾಯಿಗಳಿವೆ. ಆದರೆ 2022ರ ಆಗಸ್ಟ್ 13ರಂದು ಹೊಳೆನರಸೀಪುರದ ಕೋರ್ಟಿನಲ್ಲಿ ರಾಜಿ ಮಾತು ಮುಗಿಸಿ ಹೊರಬಂದ ಹೆಂಡತಿಯ ಕುತ್ತಿಗೆಯನ್ನು ಗಂಡನೇ ಕೊಯ್ದ. ಆಕೆ ಉಳಿಯಲಿಲ್ಲ. ಇಂಥ ಅಪಾಯದ ವಾಸನೆ ಮೊದಲು ಹತ್ತುವುದು ಅದಕ್ಕೆ ಗುರಿಯಾದವರಿಗೇ. ಅವರ ಮಾತಿಗೆ ಕಿವಿಗೊಡುವವರು ಗೇಟಿನಲ್ಲಿರಬೇಕು.

ನಮ್ಮ ಜಿಲ್ಲೆಯ ಮರಕುಂಬಿಯನ್ನೇ ನೋಡಿ. 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲು ಸುಟ್ಟ ಪ್ರಕರಣದಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್ 24ರಂದು. ನಡುವೆ ಹತ್ತು ವರ್ಷ. ಇಂಥ ಪ್ರಕರಣಗಳಲ್ಲಿ ಸಾಕ್ಷಿ ನುಡಿದವರು ಸಂಜೆ ಮರಳುವುದು ಅದೇ ಊರಿಗೆ.

ಕಾನೂನಿಗೆ ಕೊರತೆಯಿಲ್ಲ. ತಾಲೂಕುಗಳ ಕೋರ್ಟುಗಳಿಗೂ ಭದ್ರತಾ ಯೋಜನೆ ಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಂತೆ ಜಿಲ್ಲಾ ಸಮಿತಿಗೆ ತಾವೇ ಅಧ್ಯಕ್ಷರು. ಅರ್ಜಿ ಬಂದರೆ ಐದು ಕೆಲಸದ ದಿನಗಳಲ್ಲಿ ಪೊಲೀಸರು ಬೆದರಿಕೆಯ ವರದಿ ಕೊಡಬೇಕು. ಆದರೆ ಹಳ್ಳಿಯಿಂದ ಬಂದ ಎಷ್ಟು ಜನರಿಗೆ ಇದು ಗೊತ್ತು?

ಕೇಳುವುದು ದೊಡ್ಡದೇನಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಗೇಟಿನಲ್ಲೇ ಕಾಣುವಂತೆ ಕನ್ನಡದ ಫಲಕವಿರಲಿ: ಜೀವಭಯವಿದ್ದರೆ ಯಾವ ಕೋಣೆ, ಯಾವ ಅಧಿಕಾರಿ, ಯಾವ ಫೋನು. ಅಕ್ಷರ ಬಾರದವರ ಮಾತನ್ನು ಬರೆದುಕೊಂಡು, ಓದಿ ಹೇಳಿ, ಸ್ವೀಕೃತಿ ಚೀಟಿ ಕೊಡಲಿ. ಸಾಕ್ಷಿಗಳಿಗೆ ಬೇರೆ ಕೂರುವ ಜಾಗ ಇರಲಿ. ಸಮನ್ಸಿನ ಜೊತೆಗೇ ಈ ಮಾಹಿತಿಯೂ ಮನೆ ಮುಟ್ಟಲಿ.

ಮುಂದಿನ ತಾರೀಖಿಗೆ ಬಂದಾಗ ಆ ಹೆಣ್ಣುಮಗಳು ಬುತ್ತಿ ಬಿಚ್ಚಿ ಉಣ್ಣುವಂತಾಗಲಿ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲೆಯ ಒಬ್ಬ ನಾಗರಿಕ