ನೆಗೆಟಿವ್ ಎಲ್ಲಿದೆ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಕೈಗೆ ಅವಳ ಅಜ್ಜನ ಕ್ಯಾಮೆರಾ ಸಿಕ್ಕಿದೆ. ಮೊನ್ನೆ ದೂರವಾಣಿ ಮಾಡಿ, "ತಾತ, ಕಲರ್ ರೀಲನ್ನು ಲ್ಯಾಬಿಗೆ ಕೊಡಲೋ, ಮನೆಯಲ್ಲೇ ತೊಳೆಯಲೋ?" ಎಂದು ಕೇಳಿದಳು. ಶಾಲೆಯ ಪ್ರಯೋಗಾಲಯದ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ನಾನು ಫೋಟೋ ತೊಳೆದು ತೋರಿಸುತ್ತಿದ್ದುದನ್ನು ಅವಳ ತಂದೆ ಹೇಳಿರಬೇಕು. ಅಂದು ಅರ್ಧಂಬರ್ಧ ಉತ್ತರ ಕೊಟ್ಟೆ. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಪ್ಪುಬಿಳುಪಾಗಿದ್ದರೆ ಮನೆಯಲ್ಲೇ ತೊಳೆ ಎನ್ನುತ್ತಿದ್ದೆ. ಅಲ್ಲಿ ದ್ರಾವಣವನ್ನೂ ಸಮಯವನ್ನೂ ಹೆಚ್ಚುಕಡಿಮೆ ಮಾಡಿ ಚಿತ್ರವನ್ನು ನಮಗೆ ಬೇಕಾದಂತೆ ಪಳಗಿಸಬಹುದು. ಬಣ್ಣದ ಫಿಲ್ಮು ಅಷ್ಟು ಸಲಿಗೆ ಕೊಡುವುದಿಲ್ಲ. 1972ರಲ್ಲಿ ಕೊಡಾಕ್ ಬಳಕೆಗೆ ತಂದ ಸಿ-41 ವಿಧಾನದಲ್ಲಿ ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಅವಧಿ 3 ನಿಮಿಷ 15 ಸೆಕೆಂಡು. ನೀಲಿ, ಹಸಿರು, ಕೆಂಪು ಬೆಳಕನ್ನು ಗ್ರಹಿಸುವ ಪದರಗಳು ಒಂದರ ಕೆಳಗೊಂದು ಇರುವುದರಿಂದ, ಉಷ್ಣತೆ ತಪ್ಪಿದರೆ ಮೂರೂ ಒಂದೇ ಪ್ರಮಾಣದಲ್ಲಿ ತಪ್ಪುವುದಿಲ್ಲ. ಬಣ್ಣಗಳ ಹೊಂದಾಣಿಕೆಯೇ ಕೆಡುತ್ತದೆ.

ಹಾಗೆಂದು ಅದು ಮನೆಯಲ್ಲಿ ಅಸಾಧ್ಯವೇನಲ್ಲ. ಪೂರ್ಣ ಕತ್ತಲೆಯಲ್ಲಿ ಫಿಲ್ಮನ್ನು ಸುತ್ತಿ ಟ್ಯಾಂಕಿನ ಮುಚ್ಚಳ ಹಾಕಿದ ಮೇಲೆ ಉಳಿದುದೆಲ್ಲ ಬೆಳಕಿನಲ್ಲೇ ನಡೆಯುತ್ತದೆ. ಬಕೆಟ್ಟಿನ ತುಂಬ ಬಿಸಿನೀರು, ನಂಬಿಕೆಯ ಥರ್ಮಾಮೀಟರ್ ಇದ್ದರೆ ಉಷ್ಣತೆ ಕಾಯಬಹುದು. ಆದರೆ ಬೆರೆಸಿಟ್ಟ ಡೆವಲಪರ್ ಗಾಳಿ ತಾಗಿ ಬೇಗ ಕೆಡುತ್ತದೆ. ವರ್ಷಕ್ಕೆ ಎರಡು ರೀಲು ತೆಗೆಯುವವರಿಗೆ ಅದು ದುಂದು. ಬಳಸಿದ ಬ್ಲೀಚ್-ಫಿಕ್ಸಿನಲ್ಲಿ ಫಿಲ್ಮಿನ ಬೆಳ್ಳಿ ಕರಗಿರುತ್ತದೆ, ಅದನ್ನು ಚರಂಡಿಗೆ ಸುರಿಯುವುದು ಅನ್ಯಾಯ. ಆದ್ದರಿಂದ ಲ್ಯಾಬಿಗೇ ಕೊಡಮ್ಮ. ವಾರಕ್ಕೆ ಎಷ್ಟು ರೀಲು ಬರುತ್ತವೆಂದು ಮಾತ್ರ ಮೊದಲು ವಿಚಾರಿಸು. ಕೆಲಸವಿಲ್ಲದೆ ನಿಂತ ಯಂತ್ರದಲ್ಲಿ ದ್ರಾವಣವೂ ಹಳಸುತ್ತದೆ.

ಇನ್ನೊಂದು ಪ್ರಶ್ನೆಯನ್ನು ಮರೆಯದೆ ಕೇಳು: ನೆಗೆಟಿವ್ ಹಿಂದಿರುಗಿಸುತ್ತೀರಾ? ಸ್ಕ್ಯಾನ್ ಮಾಡಿದ ಚಿತ್ರ ಮೊಬೈಲಿಗೆ ಬಂದರೆ ಎಲ್ಲವೂ ಬಂದಂತೆ ಎಂದು ಈಗ ಅನೇಕರು ತಿಳಿದಿದ್ದಾರೆ. ಅಂದು ನಾನೂ ಪ್ರಿಂಟು ಬಂದರೆ ಸಾಕೆಂದು ತಿಳಿದಿದ್ದೆ.

1986ರಲ್ಲಿ ಹಂಪಿಗೆ ಶಾಲಾ ಪ್ರವಾಸ ಹೋಗಿದ್ದೆವು. ಕಲ್ಲಿನ ರಥದ ಮುಂದೆ ನಿಲ್ಲಿಸಿ ತೆಗೆದ ಗುಂಪುಚಿತ್ರ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನಮ್ಮೂರ ಸ್ಟುಡಿಯೋದವರು ರೀಲನ್ನು ಬೆಂಗಳೂರಿಗೆ ಕಳುಹಿಸಿ, ಎಂಟು ದಿನಗಳ ಮೇಲೆ ಪ್ರಿಂಟು ತರಿಸಿಕೊಟ್ಟರು. ಬೇಕಾದವರು ಪ್ರತಿ ಹಾಕಿಸಿಕೊಳ್ಳಲೆಂದು ನೆಗೆಟಿವ್‌ಗಳನ್ನು ಅಲ್ಲಿಯೇ ಬಿಟ್ಟುಬಂದೆ. ಆಮೇಲೆ ಕೇಳಲೇ ಇಲ್ಲ. ಕೆಲವು ವರ್ಷಗಳಲ್ಲಿ ಸ್ಟುಡಿಯೋ ಮುಚ್ಚಿತು.

ಆ ಗುಂಪಿನ ಎರಡನೆಯ ಸಾಲಿನಲ್ಲಿದ್ದ ಹುಡುಗನೊಬ್ಬ ಮುಂದೆ ಎರಡೇ ವರ್ಷಗಳಲ್ಲಿ ತೀರಿಕೊಂಡ. 1998ರಲ್ಲಿ ಅವನ ತಾಯಿ ನಮ್ಮ ಮನೆಗೆ ಬಂದು, "ಮೇಷ್ಟ್ರೇ, ನಮ್ಮ ಹತ್ರ ಅವನದೊಂದು ಕಲರ್ ಫೋಟೋನೂ ಇಲ್ಲ, ಒಂದು ಹಾಕಿಸಿಕೊಡಿ" ಎಂದರು. ಆಲ್ಬಮ್ಮಿನಲ್ಲಿದ್ದ ನನ್ನ ಪ್ರತಿ ಅಷ್ಟರಲ್ಲಿ ಕೆಂಪಡರಿತ್ತು, ಮುಖಗಳು ಕಡಲೆಕಾಳಿನಷ್ಟು. ಆಕೆ ಬಹಳ ಹೊತ್ತು ನೋಡಿ, ಮಾಸಲು ಗುಲಾಬಿಯಾಗಿದ್ದ ಅವನ ಅಂಗಿಯ ಮೇಲೆ ಬೆರಳಿಟ್ಟು, "ಇದು ನೀಲಿ ಅಂಗಿ, ಪ್ರವಾಸಕ್ಕೆ ಅಂತ ಹೊಲಿಸಿದ್ದೆ" ಎಂದರು. ನನ್ನಲ್ಲಿ ಮಾತಿರಲಿಲ್ಲ. ಆ ಪ್ರತಿಯನ್ನೇ ಕೊಟ್ಟು ಕಳುಹಿಸಿದೆ.

ಬಣ್ಣದ ನೆಗೆಟಿವ್‌ನಲ್ಲಿ ಕೊನೆಗೆ ಬೆಳ್ಳಿ ಉಳಿಯುವುದಿಲ್ಲ, ಬಣ್ಣಗಳಷ್ಟೇ ಉಳಿಯುತ್ತವೆ, ಅವೂ ಮಾಸುತ್ತವೆ. ಆದರೂ ತಂಪಾದ, ಒಣಗಿದ ಜಾಗದಲ್ಲಿಟ್ಟರೆ ಬಹುಕಾಲ ಬಾಳುತ್ತವೆ. ಆ ಪ್ರವಾಸಕ್ಕೆ ಬಂದಿದ್ದವರಲ್ಲಿ ಯಾರಾದರೂ ಪ್ರತಿ ಹಾಕಿಸಲು ಹೋದಾಗ ನೆಗೆಟಿವ್ ಪಟ್ಟಿಯನ್ನು ಮನೆಗೆ ಒಯ್ದಿದ್ದರೆ, ಹಳೆಯ ಟ್ರಂಕುಗಳಲ್ಲಿ ಒಮ್ಮೆ ಹುಡುಕಿ ನನಗೆ ತಿಳಿಸಿ. ಆ ತಾಯಿ ಇನ್ನೂ ಇದ್ದಾರೆ.